ಜಾತಕಕ್ಕಿಂತ ಮೊದಲು ಮಗಳನ್ನು ಕೇಳಿ

ಪಂಜಾಬಿನ ಹೀರ್–ರಾಂಝಾ ಕತೆ ಕೇಳಿದವರೆಲ್ಲ ‘ಅಯ್ಯೋ ಪಾಪ, ವಿಧಿಯಾಟ’ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಮಾತ್ರ ಸಿಟ್ಟು ಬರುತ್ತದೆ. ಇದರಲ್ಲಿ ವಿಧಿ ಎಲ್ಲಿಂದ ಬಂತು?

1766ರಲ್ಲಿ ವಾರಿಸ್ ಶಾಹ ಬರೆದ ಕಾವ್ಯವನ್ನೇ ನೋಡಿ. ಝಂಗ್ ಊರಿನ ಹೀರ್ ತನ್ನ ಮನೆಯ ಎಮ್ಮೆ ಕಾಯುವ ರಾಂಝಾನನ್ನು ಮೆಚ್ಚಿದಳು. ಮನೆಯವರು ಅವಳನ್ನು ಬೇರೊಬ್ಬನಿಗೆ ಕಟ್ಟಿದರು. ಒಪ್ಪಿಗೆಯಿಲ್ಲದ ಮದುವೆ ಮದುವೆಯೇ ಅಲ್ಲವೆಂದು ಅವಳು ಖಾಜಿಯ ಎದುರೇ ವಾದಿಸಿದಳು. ಯಾರೂ ಕೇಳಲಿಲ್ಲ, ಹೆತ್ತ ತಾಯಿ ಮಲ್ಕಿಯೂ ಕೇಳಲಿಲ್ಲ. ಕೊನೆಗೆ ಒಪ್ಪಿದಂತೆ ನಟಿಸಿ, ದಿಬ್ಬಣ ತರಲು ರಾಂಝಾನನ್ನು ಊರಿಗೆ ಕಳಿಸಿ, ಇತ್ತ ಮಗಳಿಗೆ ವಿಷವಿಟ್ಟರು. ಇದು ವಿಧಿಯಲ್ಲ, ಮನೆಮಂದಿ ಕೂತು ಮಾಡಿದ ಕೊಲೆ.

ನಮ್ಮಲ್ಲೂ ಒಂದು ಮದುವೆಯ ಕತೆಯಿದೆ. ಅದು ಹನ್ನೆರಡನೆಯ ಶತಮಾನದ ಕಲ್ಯಾಣದ್ದು. ಬ್ರಾಹ್ಮಣ ಕುಲದಿಂದ ಬಂದ ಶರಣ ಮಧುವರಸರು, ಸಮಗಾರ ಕುಲದ ಶರಣ ಹರಳಯ್ಯನವರ ಮಗನಿಗೆ ತಮ್ಮ ಮಗಳನ್ನು ಧಾರೆಯೆರೆದರು. ಬಿಜ್ಜಳನ ರಾಜ್ಯದಲ್ಲಿ ಆ ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ಝಂಗ್‌ನಲ್ಲಿ ಹಿರಿಯರು ಮಾನಕ್ಕಾಗಿ ಮಗಳನ್ನು ಕೊಂದರು, ಕಲ್ಯಾಣದಲ್ಲಿ ಹಿರಿಯರು ಮಕ್ಕಳ ಮದುವೆಗಾಗಿ ತಾವೇ ಸತ್ತರು. ನಾವು ಯಾವ ಹಿರಿಯರ ಸಾಲಿಗೆ ಸೇರಿದವರು?

ನಮ್ಮ ಒಂಟಿಕೊಪ್ಪಲಿನ ಪಂಚಾಂಗ ನೋಡಿ ಊರೂರುಗಳಲ್ಲಿ ಲಗ್ನ ಇಡುತ್ತಾರೆ. ತಿಥಿ, ನಕ್ಷತ್ರ, ಗೋತ್ರ ಎಲ್ಲವನ್ನೂ ವಿಚಾರಿಸುತ್ತೇವೆ. ‘ನಿನಗೆ ಒಪ್ಪಿಗೆಯೇನಮ್ಮ?’ ಎಂಬ ಒಂದು ಮಾತು ಮಾತ್ರ ಉಳಿದುಹೋಗುತ್ತದೆ. ಬಸವ ಜಯಂತಿಯಲ್ಲಿ ಕಲ್ಯಾಣದ ಕತೆಗೆ ಚಪ್ಪಾಳೆ ತಟ್ಟಿದವರೇ ಮನೆಗೆ ಬಂದು ‘ಹುಡುಗ ಯಾವ ಜನ?’ ಎನ್ನುತ್ತಾರೆ.

ವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಮನೆತನದ್ದಾಗಲಿ ಜಾತಿಯದ್ದಾಗಲಿ ಅಪ್ಪಣೆ ಬೇಡವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚಿಯಲ್ಲೇ ಹೇಳಿದೆ. ಆದರೂ ಮಗಳನ್ನು ಕೊಂದ ಅಪ್ಪ, ಅಣ್ಣಂದಿರ ಸುದ್ದಿ ನಮ್ಮ ನಾಡಿನ ಪತ್ರಿಕೆಗಳಲ್ಲೇ ಬರುತ್ತದೆ. ಅದಕ್ಕೆ ‘ಮರ್ಯಾದೆ ಹತ್ಯೆ’ ಎಂದು ಹೆಸರು ಬೇರೆ! ಕೊಲೆಗೆಲ್ಲಿಯ ಮರ್ಯಾದೆ?

‘ಚಿಕ್ಕವರಿಗೇನು ತಿಳಿಯುತ್ತದೆ, ಮೋಸಹೋದರೆ?’ ಎನ್ನುತ್ತೀರಿ. ಹದಿನೆಂಟಕ್ಕೆ ಓಟು ಹಾಕುವವಳಿಗೆ ತನ್ನ ಬಾಳಿನ ಬಗ್ಗೆ ಮಾತಾಡುವ ಹಕ್ಕಿಲ್ಲವೆ? ಮೋಸಹೋಗಲೂಬಹುದು; ಜಾತಕ ಕೂಡಿಸಿ ಕೊಟ್ಟವರೂ ಮೋಸಹೋಗಿದ್ದಾರೆ. ಆಗ ತಿರುಗಿ ಬರಲು ತವರಿನ ಬಾಗಿಲು ತೆರೆದಿರಬೇಕು, ಅಷ್ಟೆ.

ಗಂಡಸರ ಕೋಪ ದೊಡ್ಡದು, ನಿಜ. ಆದರೆ ಮಗಳನ್ನು ಕೋಣೆಯಲ್ಲಿ ಕೂಡಿಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುವವರು ಎಷ್ಟೋ ಮನೆಗಳಲ್ಲಿ ನಾವೇ, ತಾಯಂದಿರು. ಮಲ್ಕಿಯಾಗುವುದು ಬೇಡ. ಆ ಬೀಗದ ಕೈ ಮಗಳ ಕೈಗೆ ಕೊಡೋಣ.