ಮದ್ದಿಗಿಂತ ಮೊದಲು ನೀರು ನೋಡಿ

ಮನೆ ಭೇಟಿಗೆ ಹೋದಾಗ ಈಗೀಗ ಅನೇಕ ಮನೆಗಳ ಜಗಲಿಯಲ್ಲಿ ಗೋಲ್ಡ್‌ಫಿಶ್ ಸಾಕುವುದನ್ನು ಕಾಣುತ್ತೇವೆ. ಕೃಷಿಕರ ಅಂಕಣದಲ್ಲಿ ಚಂದಕ್ಕೆ ಸಾಕುವ ಮೀನಿನ ಮಾತೇಕೆ ಎಂದು ಹಿರಿಯರು ಕೇಳಬಹುದು. ದನ ಮೇವು ಬಿಟ್ಟರೆ ಕೊಟ್ಟಿಗೆಯನ್ನೂ ಹಿಂಡಿಯನ್ನೂ ಮೊದಲು ಪರೀಕ್ಷಿಸುವ ನಮ್ಮ ಜನ, ಮೀನು ಬಾಯಿ ಬಿಟ್ಟರೆ ಮಾತ್ರ ಮೆಡಿಕಲ್ ಶಾಪಿನಿಂದ ತಂದ ಆಂಟಿಬಯೋಟಿಕ್ ಕ್ಯಾಪ್ಸೂಲನ್ನು ಬಿಡಿಸಿ ತೊಟ್ಟಿಗೆ ಸುರಿಯುತ್ತಾರೆ. ಇದು ಸರಿಯಲ್ಲ ಎಂದು ಹೇಳುವುದಕ್ಕಾಗಿಯೇ ಈ ಬರಹ.

ನಾವೇ ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇವೆ. ಒಂದು ಮಳೆಗಾಲ ಬಂಗಲೆಯ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ಮರುದಿನ ಬೆಳಿಗ್ಗೆ ಅದೇ ನೀರಿನಿಂದ ಮೀನಿನ ತೊಟ್ಟಿ ತುಂಬಿಸಿದೆವು. ಮಧ್ಯಾಹ್ನದ ಊಟಕ್ಕೆ ಮುಂಚೆ ನಾಲ್ಕು ಮೀನುಗಳೂ ಮೇಲೆ ತೇಲುತ್ತಿದ್ದವು. ರೋಗವಲ್ಲ, ಕ್ಲೋರಿನ್. ಬಾವಿಗೆ ಬ್ಲೀಚಿಂಗ್ ಬೇಕು, ಅದನ್ನು ಬಿಡಬಾರದು. ಆದರೆ ಅಂಥ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ಮಾತ್ರ ಮೀನಿಗೆ ಬಳಸಬೇಕು.

ಮೀನು ಮೇಲೆ ಬಂದು ಬಾಯಿ ಬಿಡುವುದು, ರೆಕ್ಕೆ ಮುದುಡಿ ಮೂಲೆ ಹಿಡಿಯುವುದು, ತಿನ್ನದಿರುವುದು, ಕಿವಿರು ಕೆಂಪೇರುವುದು: ಈ ಲಕ್ಷಣಗಳಿಗೆ ಹೆಚ್ಚಾಗಿ ಕಾರಣ ನೀರೇ. ಮೀನು ಹೊರಬಿಡುವ ಅಮೋನಿಯಾ ಅದಕ್ಕೇ ವಿಷ. ಅದನ್ನು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಲು 4ರಿಂದ 6 ವಾರ ಬೇಕು. ಆಂಟಿಬಯೋಟಿಕ್ ಹಾಕಿದರೆ ಅವೂ ಸಾಯಬಹುದು. ಉಳಿದ ಮದ್ದಿನ ನೀರು ಅಂಗಳದ ಮಣ್ಣಿಗೂ ತೋಡಿಗೂ ಇಳಿಯುತ್ತದೆ. ನಾಳೆ ನಮ್ಮ ಮಕ್ಕಳಿಗೆ ಬೇಕಾದ ಮದ್ದು ಅದು. ಆದ್ದರಿಂದ ಎರಡು ದಿನ ಆಹಾರ ನಿಲ್ಲಿಸಿ, ಮೂರನೇ ಒಂದು ಪಾಲು ನೀರು ಬದಲಿಸಿ ನೋಡಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿರಿ. ಅಂಗಡಿಯವರು ಕೊಡುವ ಗಾಜಿನ ಬುರುಡೆಯನ್ನಂತೂ ಕೊಳ್ಳಲೇಬೇಡಿ. ಗೇಣುದ್ದಕ್ಕಿಂತ ದೊಡ್ಡದಾಗಿ ಹತ್ತು ವರ್ಷ ಬಾಳಬಲ್ಲ ಜೀವಕ್ಕೆ ಅದು ಸೆರೆಮನೆ.

ಇನ್ನೊಂದು ಸಂಗತಿ ಅಡಿಕೆ ತೋಟದವರೇ ಗಮನಿಸಬೇಕಾದದ್ದು. ಮಹಾಳಿಗೆ ನಾವು ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು ಬೀಳುತ್ತದೆ. ಮೈಲುತುತ್ತಿನ ತಾಮ್ರ ಮೀನಿನ ಕಿವಿರನ್ನು ಸುಡುತ್ತದೆ. ಮುರಕಲ್ಲಿನ ನಮ್ಮ ಬಾವಿ, ಸುರಂಗಗಳ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಅಂಥ ನೀರಿನಲ್ಲಿ ತಾಮ್ರದ ವಿಷ ಇನ್ನೂ ಹೆಚ್ಚು. ಸಿಂಪಡಣೆಯ ದಿನ ತೊಟ್ಟಿಗೆ ಗೋಣಿ ಮುಚ್ಚಿ, ಡ್ರಮ್ ತೊಳೆದ ನೀರು ಕೆರೆಗೂ ತೋಡಿಗೂ ಹೋಗದಂತೆ ನೋಡಿ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. ಅದೂ ಮೀನಿಗೆ ಕಡು ವಿಷ. ನೀರಿನ ವಿಷಯದಲ್ಲಿ ನಾವು ಉದಾಸೀನರಾಗುವಂತಿಲ್ಲ.

ಆಮ್ಲೀಯತೆ ತಗ್ಗಿಸಲು ಮರುವಾಯಿ ಚಿಪ್ಪುಗಳನ್ನು ಕುದಿಸಿ, ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ ತೊಟ್ಟಿಯಲ್ಲಿಡಬಹುದು. ನಿಧಾನವಾಗಿ ಕರಗುತ್ತದೆ. ಸುಣ್ಣ ಮಾತ್ರ ಹಾಕಬೇಡಿ.

ನಿಜವಾದ ರೋಗಗಳೂ ಉಂಟು. ಮೈಮೇಲೆ ಹತ್ತಿಯಂತೆ ಬೆಳೆಯುವುದು ಸಾಪ್ರೊಲೆಗ್ನಿಯಾ. ಅಡಿಕೆಯ ಮಹಾಳಿ ತರುವ ಫೈಟೋಫ್ತೊರಾ ಇದರ ದಾಯಾದಿ; 1991ರಲ್ಲಿ ಕೇರಳದ ಒಳನಾಡಿನ ಮೀನುಗಳಿಗೆ ಹುಣ್ಣು ರೋಗ ತಂದದ್ದೂ ಇದೇ ಕುಲದ್ದು. ಗಾಯವಾದ, ಸೊರಗಿದ ಮೀನಿಗೆ ಇದು ಬೇಗ ಹತ್ತುತ್ತದೆ. ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಎದ್ದು, ಮೀನು ಕಲ್ಲಿಗೆ ಮೈ ಉಜ್ಜಿದರೆ ಅದು ಬೇರೊಂದು ಪರಾವಲಂಬಿ ಜೀವಿ. ಎರಡಕ್ಕೂ ಮೊದಲು ಪ್ರಯತ್ನಿಸಬೇಕಾದದ್ದು ಕಲ್ಲುಪ್ಪು: ಲೀಟರಿಗೆ 3 ಗ್ರಾಂ, ಅಂದರೆ 40 ಲೀಟರಿನ ತೊಟ್ಟಿಗೆ 120 ಗ್ರಾಂ, ಮೂರು ಪಾಲು ಮಾಡಿ, ಎರಡು ದಿನಗಳಲ್ಲಿ ಕರಗಿಸಿ ಹಾಕಿ. ನೀರಿನ ಗಿಡಗಳಿದ್ದರೆ ಮೊದಲು ತೆಗೆದಿಡಿ. ಚುಕ್ಕೆ ಮಾಯವಾದ ಕೂಡಲೇ ನಿಲ್ಲಿಸಬಾರದು. ಚರ್ಮದೊಳಗಿರುವಾಗ ಆ ಜೀವಿಗೆ ಉಪ್ಪು ತಾಗದು. ಕೆಳಗೆ ಉದುರಿ, ಮರಿಗಳಾಗಿ ಈಜುವಾಗ ಮಾತ್ರ ಸಾಯುತ್ತದೆ. ಹತ್ತು ದಿನವಾದರೂ ಮುಂದುವರಿಸಿ. ಮಹಾಳಿಗೆ ಎರಡನೇ ಸಿಂಪಡಣೆ ತಪ್ಪಿಸಿ ಪಶ್ಚಾತ್ತಾಪಪಟ್ಟವರಿಗೆ ಈ ಮಾತು ಬೇಗ ಅರ್ಥವಾದೀತು.

ಗಂಡು ಮೀನಿನ ಕಿವಿರಿನ ಮುಚ್ಚಳ ಮತ್ತು ಎದೆಯ ರೆಕ್ಕೆಯ ಅಂಚಿನಲ್ಲಿ ಮಾತ್ರ ಸಾಲಾಗಿ ಬಿಳಿ ಗುಳ್ಳೆ ಕಂಡರೆ ಗಾಬರಿ ಬೇಡ. ಅದು ಮರಿಮಾಡುವ ಕಾಲದ ಗುರುತು.

ಹೊಟ್ಟೆ ಊದಿ, ಹುರುಪೆಗಳು ಹಲಸಿನ ಮುಳ್ಳಿನಂತೆ ನಿಮಿರಿ ನಿಂತ ಮೀನು ಉಳಿಯುವುದು ಅಪರೂಪ. ಅದನ್ನು ಬೇರೆ ಪಾತ್ರೆಯಲ್ಲಿಡಿ. ಕನಿಕರಪಟ್ಟು ತೋಡಿಗೋ ಕೆರೆಗೋ ಬಿಡಬೇಡಿ; ಅಲ್ಲಿ ಕೊರವ ಮೀನುಗಳಿವೆ, ಕೆಳಗಿನ ಮನೆಯವರು ಸಾಕಿದ ಕಾಟ್ಲಾ, ರೋಹು ಇವೆ. ಸತ್ತ ಮೀನನ್ನು ತೆಂಗಿನ ಬುಡದಲ್ಲಿ ಆಳವಾಗಿ ಹೂಳಿ. ಹೊಸ ಮೀನು ತಂದರೆ ಮೂರು ವಾರ ಬೇರೆ ಬಕೆಟಿನಲ್ಲಿಟ್ಟು, ಆಮೇಲೆ ಹಳೆಯವುಗಳ ಜೊತೆ ಬಿಡಿ.