ಬೇಸರದ ಪಾಠವೂ ಮರೆತ ಪ್ರಶ್ನೆಯೂ

ಕಳೆದ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬಿ.ಎಸ್‌ಸಿ. ಪದವಿಯನ್ನು ಮುಗಿಸಿ ಉದ್ಯೋಗವನ್ನು ಅರಸುತ್ತಿದ್ದ ಆತನ ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪನಾದ ಪುಸ್ತಕವೊಂದಿತ್ತು. ಗಣಕಜಾಲಗಳ ಕೆಲಸಕ್ಕೆ ಸೇರಬಯಸುವವರಲ್ಲಿ ಅನೇಕರು ತೆಗೆದುಕೊಳ್ಳುವ ಸಿಸಿಎನ್‌ಎ ಎಂಬ ಅರ್ಹತಾ ಪರೀಕ್ಷೆಯ ಪಠ್ಯ ಅದು. ಸಿಸ್ಕೊ ಸಂಸ್ಥೆಯು 1998ರಿಂದ ನಡೆಸಿಕೊಂಡು ಬಂದಿರುವ ಈ ಪರೀಕ್ಷೆಯ ಅವಧಿ 120 ನಿಮಿಷ. ಅದರಿಂದ ದೊರೆಯುವ ಪ್ರಮಾಣಪತ್ರಕ್ಕೆ ಮೂರು ವರ್ಷಗಳ ಆಯುಸ್ಸು. “ಸಾರ್, ಎರಡು ತಿಂಗಳಿಂದ ಓದುತ್ತಿದ್ದೇನೆ. ಮೂರನೆಯ ಅಧ್ಯಾಯ ದಾಟಿಲ್ಲ. ಪುಸ್ತಕ ತೆರೆದರೆ ಸಾಕು, ಕಣ್ಣು ಎಳೆಯುತ್ತದೆ. ಓದುವ ಬುದ್ಧಿಯೇ ನನಗೆ ಹೊರಟುಹೋಯಿತೇನೋ” ಎಂದ. ಪರೀಕ್ಷೆಯ ಶುಲ್ಕಕ್ಕಾಗಿ ಅಣ್ಣ ಸಾಲ ಮಾಡಿದ್ದಾನೆಂಬ ಸಂಗತಿಯನ್ನು ಹೊರಡುವಾಗ ಬಾಗಿಲ ಬಳಿ ನಿಂತು ಹೇಳಿದ.

ಇಂಥ ಸಂದರ್ಭದಲ್ಲಿ ಉಪಾಧ್ಯಾಯರು ಹೇಳುವ ಮಾತನ್ನೇ ನಾನೂ ಹೇಳಿ ಕಳುಹಿಸಿದ್ದೆ: ಮನಸ್ಸನ್ನು ಗಟ್ಟಿಮಾಡು, ನಸುಕಿನಲ್ಲಿ ಏಳು, ದಿನಕ್ಕೆ ಇಷ್ಟು ಪುಟವೆಂದು ಲೆಕ್ಕ ಹಾಕಿ ಓದು. ತಿಂಗಳ ಬಳಿಕ ಆತ ಮತ್ತೆ ಬಂದಾಗ ಪುಸ್ತಕದೊಳಗಿನ ಗುರುತಿನ ಚೀಟಿ ಇದ್ದಲ್ಲಿಯೇ ಇತ್ತು. ನನಗೆ ತುಸು ಕೋಪವೂ ಬಂದಿತು. ಆ ಪುಸ್ತಕವನ್ನು ಒಂದು ವಾರಕ್ಕೆ ಎರವಲು ಪಡೆದು ನಾನೇ ಓದಲು ಕುಳಿತೆ. ಹನ್ನೆರಡನೆಯ ಪುಟಕ್ಕೆ ಬರುವಷ್ಟರಲ್ಲಿ ನಾನೂ ಆಕಳಿಸುತ್ತಿದ್ದೆ!

ಆ ಆಕಳಿಕೆಯಿಂದ ನಾನು ಕಲಿತದ್ದನ್ನು ವಿದ್ಯಾರ್ಥಿ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ. ಓದಿನಲ್ಲಿ ಬೇಸರ ಬಂದರೆ ಅದನ್ನು ಶೀಲದ ದೋಷವೆಂದು ಎಣಿಸಿ ತನ್ನನ್ನು ತಾನೇ ಹಳಿದುಕೊಳ್ಳುವುದು ರೂಢಿ. ನನ್ನ ಅಭಿಪ್ರಾಯದಲ್ಲಿ ಬೇಸರವೆಂಬುದು ಬಹುಮಟ್ಟಿಗೆ ಒಂದು ಸೂಚನೆ. ಪ್ರಶ್ನೆಯನ್ನೇ ಕೇಳದವನಿಗೆ ಉತ್ತರವನ್ನು ಮಾತ್ರ ನೀಡಿದರೆ ಅವನ ಮನಸ್ಸು ಅದನ್ನು ಒಲ್ಲೆನೆನ್ನುತ್ತದೆ. ಪರೀಕ್ಷೆಗೆಂದು ಬರೆದ ಪಠ್ಯಗಳು ಉತ್ತರಗಳ ಉಗ್ರಾಣಗಳು. ಆ ಉತ್ತರಗಳಿಗೆ ಜನ್ಮ ಕೊಟ್ಟ ಪ್ರಶ್ನೆಗಳಿಗೆ ಅಲ್ಲಿ ಜಾಗವಿರುವುದು ವಿರಳ. ಓದುವವನು ಆ ಪ್ರಶ್ನೆಗಳನ್ನು ತಾನೇ ಹುಡುಕಿ ತಂದುಕೊಳ್ಳಬೇಕು.

ಒಂದು ಉದಾಹರಣೆಯನ್ನು ನೋಡೋಣ. ಈಥರ್ನೆಟ್ ಜಾಲದಲ್ಲಿ ಮಾಹಿತಿಯು ‘ಫ್ರೇಮು’ಗಳೆಂಬ ಕಂತುಗಳಾಗಿ ಸಾಗುತ್ತದೆ. ಯಾವ ಫ್ರೇಮೂ 64 ಬೈಟುಗಳಿಗಿಂತ ಚಿಕ್ಕದಾಗಿರಕೂಡದೆಂದು ಪುಸ್ತಕವು ಹೇಳುತ್ತದೆ. 60 ಏಕಾಗದು, 50 ಏಕಾಗದು? ಪುಸ್ತಕ ಮೌನ. ವಿದ್ಯಾರ್ಥಿಯು 64 ಎಂದು ಹತ್ತು ಸಲ ಬಾಯಿಪಾಠ ಮಾಡುತ್ತಾನೆ. ಹನ್ನೊಂದನೆಯ ದಿನ ಮರೆಯುತ್ತಾನೆ.

ಆದರೆ ಈ ಸಂಖ್ಯೆಯ ಹಿಂದಿರುವುದು ನಾವು ಪ್ರೌಢಶಾಲೆಯಲ್ಲಿ ಕಲಿತ ದೂರ, ಕಾಲ, ವೇಗಗಳ ಲೆಕ್ಕವೇ. 1973ರಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಅವರ ಸಂಗಡಿಗರು ಈ ಬಗೆಯ ಜಾಲವನ್ನು ರೂಪಿಸತೊಡಗಿದಾಗ ಅನೇಕ ಗಣಕಗಳು ಒಂದೇ ತಂತಿಯನ್ನು ಹಂಚಿಕೊಳ್ಳಬೇಕಾಗಿತ್ತು. ಎರಡು ಗಣಕಗಳು ಒಟ್ಟಿಗೆ ಕಳುಹಿಸಿದರೆ ಸಂಕೇತಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕೆಡುವುವು. ಕೆಟ್ಟ ಸುದ್ದಿಯು ತಂತಿಯ ಆಚೆಯ ತುದಿಯಿಂದ ಹಿಂದಿರುಗುವ ತನಕ ಕಳುಹಿಸುವ ಗಣಕವು ಇನ್ನೂ ಕಳುಹಿಸುತ್ತಲೇ ಇರಬೇಕು. ಇಲ್ಲವಾದರೆ ಕೆಟ್ಟದ್ದು ತನ್ನ ಫ್ರೇಮೇ ಎಂದು ಅದಕ್ಕೆ ತಿಳಿಯದು. ಮುಂದೆ ನಿಗದಿಯಾದ, ಸೆಕೆಂಡಿಗೆ ಒಂದು ಕೋಟಿ ಬಿಟ್‌ಗಳ ವೇಗದಲ್ಲಿ 64 ಬೈಟುಗಳನ್ನು, ಎಂದರೆ 512 ಬಿಟ್‌ಗಳನ್ನು ಕಳುಹಿಸಲು 51.2 ಮೈಕ್ರೊಸೆಕೆಂಡು ಬೇಕು. ಅಂಥ ಜಾಲದ ಎರಡು ತುದಿಗಳ ನಡುವಣ ಗರಿಷ್ಠ ದೂರ ಸುಮಾರು 2.5 ಕಿಲೋಮೀಟರು. ತಂತಿಯಲ್ಲಿ ಸಂಕೇತದ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಹೋಗಿಬರುವ 5 ಕಿಲೋಮೀಟರಿಗೆ 25 ಮೈಕ್ರೊಸೆಕೆಂಡು ಹಿಡಿಯುತ್ತದೆ. ಉಳಿದ ಕಾಲವೆಲ್ಲ ನಡುನಡುವೆ ಸಂಕೇತಕ್ಕೆ ಬಲ ತುಂಬುವ ಉಪಕರಣಗಳ ವಿಳಂಬಕ್ಕೂ ಸುರಕ್ಷತೆಗೂ ಮೀಸಲು. ಇಂದಿನ ಸ್ವಿಚ್ಚುಗಳುಳ್ಳ ಜಾಲಗಳಲ್ಲಿ ಡಿಕ್ಕಿಯ ಭಯ ಬಹುಮಟ್ಟಿಗೆ ಇಲ್ಲವಾಗಿದ್ದರೂ ಆ 64 ಮಾತ್ರ ಹಾಗೆಯೇ ಉಳಿದುಬಂದಿದೆ. ಈ ಲೆಕ್ಕವನ್ನು ಒಮ್ಮೆ ಸ್ವಂತ ಕೈಯಿಂದ ಮಾಡಿದವನಿಗೆ ಸಂಖ್ಯೆ ಮರೆತುಹೋದರೂ ಅದರ ಬಳಿಗೆ ಹೋಗುವ ದಾರಿ ಮರೆಯುವುದಿಲ್ಲ.

ಎರಡನೆಯ ಉದಾಹರಣೆ ಇದಕ್ಕಿಂತ ಗಂಭೀರವಾದುದು. ಒಂದು ತಂತಿ ಕಡಿದರೂ ಕೆಲಸ ನಿಲ್ಲದಿರಲೆಂದು ಸ್ವಿಚ್ಚುಗಳ ನಡುವೆ ಹೆಚ್ಚಿನ ತಂತಿಗಳನ್ನು ಎಳೆಯುವುದುಂಟು. ಆಗ ಜಾಲದಲ್ಲಿ ಸುತ್ತುದಾರಿಗಳು ಉಂಟಾಗಿ, ಎಲ್ಲರಿಗೂ ಎಂದು ಹೊರಟ ಫ್ರೇಮು ಗಾಣದ ಎತ್ತಿನಂತೆ ಕೊನೆಯಿಲ್ಲದೆ ತಿರುಗತೊಡಗುತ್ತದೆ. ಅಷ್ಟೇ ಅಲ್ಲ, ತಿರುಗುತ್ತ ತಿರುಗುತ್ತ ಅದರ ಪ್ರತಿಗಳೂ ಹೆಚ್ಚುತ್ತವೆ. ಈ ತೊಡಕನ್ನು ಬಿಡಿಸಿದವರು ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ವಿದುಷಿ. ಸ್ವಿಚ್ಚುಗಳು ತಮ್ಮೊಳಗೇ ಸುದ್ದಿ ವಿನಿಮಯ ಮಾಡಿಕೊಂಡು, ಒಂದನ್ನು ಬೇರೆಂದು ಆರಿಸಿ, ಹೆಚ್ಚಿನ ದಾರಿಗಳನ್ನು ತಾತ್ಕಾಲಿಕವಾಗಿ ಮುಚ್ಚಿ, ಜಾಲವನ್ನು ಸುತ್ತಿಲ್ಲದ ಮರವನ್ನಾಗಿ ಮಾಡಿಕೊಳ್ಳುವ ‘ಸ್ಪ್ಯಾನಿಂಗ್ ಟ್ರೀ’ ವಿಧಾನವನ್ನು ಅವರು 1985ರಲ್ಲಿ ಪ್ರಕಟಿಸಿದರು. ಈ ವಿಧಾನದ ಮೂಲರೂಪದಲ್ಲಿ ಬರುವ 2 ಸೆಕೆಂಡು, 15 ಸೆಕೆಂಡು, 20 ಸೆಕೆಂಡುಗಳ ಗಡುವುಗಳು ವಿದ್ಯಾರ್ಥಿಗಳ ಪಾಲಿಗೆ ಶುದ್ಧ ಶಿಕ್ಷೆ. ಜಾಲದ ಯಾವ ಎರಡು ತುದಿಗಳ ನಡುವೆಯೂ 7ಕ್ಕಿಂತ ಹೆಚ್ಚು ಸ್ವಿಚ್ಚುಗಳು ಇರಲಾರವೆಂಬ ಎಣಿಕೆಯ ಮೇಲೆ ಅವು ನಿಂತಿವೆ. ಅದಕ್ಕೂ ಉದ್ದವಾದರೆ ಸುದ್ದಿಯು ಸಕಾಲದಲ್ಲಿ ತಲುಪದೆ, ಮುಚ್ಚಿರಬೇಕಾದ ದಾರಿ ತೆರೆದುಕೊಳ್ಳಬಹುದು.

2002ರ ನವೆಂಬರ್ ತಿಂಗಳಲ್ಲಿ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಎಂಬ ದೊಡ್ಡ ಆಸ್ಪತ್ರೆಯಲ್ಲಿ ಇದೇ ಸಂಭವಿಸಿತು. ವರ್ಷದಿಂದ ವರ್ಷಕ್ಕೆ ತುಂಡು ತುಂಡಾಗಿ ಬೆಳೆದ ಅಲ್ಲಿನ ಜಾಲ ಆ 7ರ ಎಲ್ಲೆಯನ್ನು ಮೀರಿತ್ತು. ಸಂಚಾರ ಹೆಚ್ಚಿದ ಒಂದು ದಿನ ಜಾಲ ಕುಸಿಯಿತು. ಹಲವು ದಿನಗಳ ಕಾಲ ವೈದ್ಯರೂ ದಾದಿಯರೂ ಗಣಕಗಳನ್ನು ಬದಿಗಿಟ್ಟು ಕಾಗದ ಲೇಖನಿಗಳಿಂದ ಆಸ್ಪತ್ರೆಯನ್ನು ನಡೆಸಬೇಕಾಯಿತು. ಆಸ್ಪತ್ರೆಯು ಇದನ್ನು ಮುಚ್ಚಿಡದೆ ಇತರರಿಗೆ ಪಾಠವಾಗಲೆಂದು ಬಹಿರಂಗವಾಗಿ ಹೇಳಿಕೊಂಡದ್ದು ಅದರ ಹಿರಿಮೆ. ಪುಸ್ತಕದ ಮೂಲೆಯಲ್ಲಿ ನಿರ್ಜೀವವಾಗಿ ಬಿದ್ದಿರುವ ‘7’ ಎಂಬ ಅಂಕೆಯ ಹಿಂದೆ ರೋಗಿಗಳ ಹಾಸಿಗೆಗಳಿವೆ ಎಂದು ಅರಿತವನಿಗೆ ಆ ಪುಟದ ಮೇಲೆ ನಿದ್ರೆ ಬಂದೀತೆ?

“ಹೀಗೆ ಒಂದೊಂದು ಅಂಕೆಗೂ ಕಥೆ ಹುಡುಕುತ್ತ ಕುಳಿತರೆ ಪಠ್ಯ ಮುಗಿಯುವುದೆಂದು?” ಎಂದು ಕೇಳುವವರಿರಬಹುದು. ಆಕ್ಷೇಪ ನ್ಯಾಯವಾದುದೇ. ಪಠ್ಯದಲ್ಲಿ ಬರಿಯ ಒಪ್ಪಂದಗಳೂ ಉಂಟು. ಯಾವ ಸೇವೆಗೆ 22ನೆಯ ದ್ವಾರ, ಯಾವುದಕ್ಕೆ 53, ಯಾವುದಕ್ಕೆ 443 ಎಂಬುದನ್ನು ತರ್ಕದಿಂದ ಕಂಡುಕೊಳ್ಳಲಾಗದು, ಮಗ್ಗಿಯಂತೆ ಕಲಿಯಲೇಬೇಕು. ಆದರೆ ಕಲಿಯುವುದರಲ್ಲಿಯೂ ಕ್ರಮವುಂಟು. ಕಲಿತದ್ದು ಮೊದಲ ಗಂಟೆ, ಮೊದಲ ದಿನಗಳಲ್ಲಿಯೇ ಅತಿ ಶೀಘ್ರವಾಗಿ ಮರೆಯುತ್ತದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ತೋರಿಸಿದ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಓದಿಸಿ ಪರೀಕ್ಷಿಸಿದರು. ಐದು ನಿಮಿಷಗಳ ಬಳಿಕ ಕೇಳಿದಾಗ, ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿಕೊಂಡವರು ಅವರನ್ನು ಹಿಂದೆ ಹಾಕಿದ್ದರು. ಆದುದರಿಂದ ಇಪ್ಪತ್ತು ನಿಮಿಷ ಓದಿರಿ, ಪುಸ್ತಕವನ್ನು ಮುಚ್ಚಿರಿ, ಬಿಳಿಯ ಹಾಳೆಯ ಮೇಲೆ ನೆನಪಾದಷ್ಟನ್ನು ಬರೆಯಿರಿ. ಮರುದಿನ ಒಮ್ಮೆ, ವಾರದ ಬಳಿಕ ಮತ್ತೊಮ್ಮೆ ಬರೆಯಿರಿ. ನಾಲ್ಕು ಗಂಟೆ ಪುಟ ತಿರುವುವ ವ್ರತಕ್ಕಿಂತ ಇದು ಮೇಲು.

ಇನ್ನೊಂದು ಮಾತು. ‘ಆಸಕ್ತಿ ಬಂದ ಮೇಲೆ ಓದುತ್ತೇನೆ’ ಎನ್ನುವುದು ಹಸಿವಾದ ಮೇಲೆ ಭತ್ತ ಬಿತ್ತುತ್ತೇನೆ ಎಂದಂತೆ. ಕೈ ಮೊದಲು ಹೂಡಬೇಕು; ಆಸಕ್ತಿ ಹಿಂದಿನಿಂದ ಬರುತ್ತದೆ. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ 28 ಗಣಕಗಳಿವೆಯೆಂದು ಭಾವಿಸಿರಿ. ಅವುಗಳಿಗೆ ಎಷ್ಟು ವಿಳಾಸಗಳ ಗುಂಪು ಬೇಕು? ಗುಂಪುಗಳು 16, 32, 64 ಎಂದು ಇಮ್ಮಡಿಯಾಗುತ್ತ ಹೋಗುವುದರಿಂದ 32ರ ಗುಂಪನ್ನು ಆರಿಸಬೇಕು. ಅದರಲ್ಲಿ ಮೊದಲನೆಯದು ಜಾಲದ ಹೆಸರಿಗೆ, ಕೊನೆಯದು ಎಲ್ಲರನ್ನೂ ಒಮ್ಮೆಗೇ ಕರೆಯುವುದಕ್ಕೆ ಹೋಗಿ 30 ಉಳಿಯುತ್ತವೆ. ಇಂಥ ಹತ್ತು ಲೆಕ್ಕಗಳನ್ನು ಮಾಡುವಷ್ಟರಲ್ಲಿ ಪುಸ್ತಕದ ಅಧ್ಯಾಯ ಅರ್ಧ ಕರಗಿರುತ್ತದೆ. ಕಲಿಯುವವರಿಗೆ ಉಚಿತವಾಗಿ ದೊರೆಯುವ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶದಲ್ಲಿ ಒಂದು ಪುಟ್ಟ ಜಾಲವನ್ನು ಕಟ್ಟಿ, ಬೇಕೆಂದೇ ಕೆಡಿಸಿ, ಸರಿಪಡಿಸಿ ನೋಡಬಹುದು.

ಬೇಸರಕ್ಕೆ ಸೋತವರು ಹಿಡಿಯುವ ಅಡ್ಡದಾರಿಯೊಂದುಂಟು. ಪರೀಕ್ಷೆಯ ಪ್ರಶ್ನೆಗಳನ್ನೇ ಉತ್ತರಸಮೇತ ಮಾರುತ್ತೇವೆಂದು ಆಸೆ ತೋರಿಸುವವರಿಗೆ ಕೊರತೆಯಿಲ್ಲ. ಸಿಕ್ಕಿಬಿದ್ದರೆ ಪ್ರಮಾಣಪತ್ರ ರದ್ದಾಗಬಹುದೆಂಬುದು ಸಣ್ಣ ಮಾತು. ಸಿಕ್ಕಿಬೀಳದಿದ್ದರೆ ಆಗುವ ಹಾನಿಯೇ ದೊಡ್ಡದು. ನಡುರಾತ್ರಿ ಯಾವುದೋ ಆಸ್ಪತ್ರೆಯ ಜಾಲ ನಿಂತಾಗ ಕರೆ ಬರುವುದು ಆ ಪ್ರಮಾಣಪತ್ರ ಹೊಂದಿದವನಿಗೆ. ಅಲ್ಲಿ ನಾಲ್ಕು ಉತ್ತರಗಳನ್ನು ಕೊಟ್ಟು ಒಂದನ್ನು ಆರಿಸೆಂದು ಯಾರೂ ಹೇಳುವುದಿಲ್ಲ.

ಕೊನೆಯದಾಗಿ, ತಪ್ಪು ವಿದ್ಯಾರ್ಥಿಗಳದ್ದು ಮಾತ್ರವಲ್ಲ. ಭೌತವಿಜ್ಞಾನದ ತರಗತಿಯಲ್ಲಿ ನಾನೂ ಎಷ್ಟೋ ಸಲ ಪ್ರಶ್ನೆಯನ್ನು ನುಂಗಿ ಸೂತ್ರವನ್ನಷ್ಟೇ ಕರಿಹಲಗೆಯ ಮೇಲೆ ಬರೆದಿದ್ದೇನೆ. ಆ ವಿದ್ಯಾರ್ಥಿಗೆ ಕೇಳುವ ಅಭ್ಯಾಸ ತಪ್ಪಿದ್ದರೆ ಅದರಲ್ಲಿ ನನ್ನ ಪಾಲೂ ಇದೆ.

ಪುಸ್ತಕವನ್ನು ಹಿಂದಿರುಗಿಸುವಾಗ 64ರ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅವನ ಕೈಗಿತ್ತೆ. ಮೂರು ವಾರಗಳ ಬಳಿಕ ಆತ ಬಂದು, ಕುಳಿತುಕೊಳ್ಳುವ ಮುನ್ನವೇ ಕೇಳಿದ: “ಸಾರ್, ಐಪಿ ಪ್ಯಾಕೆಟ್ಟಿಗೆ ಒಂದು ಆಯುಸ್ಸು ಇದೆ, ಒಂದೊಂದು ರೌಟರ್ ದಾಟಿದಾಗಲೂ ಒಂದೊಂದು ಕಳೆದು, ಸೊನ್ನೆಯಾದಾಗ ಅದು ಸಾಯುತ್ತದೆ. ಈಥರ್ನೆಟ್ ಫ್ರೇಮಿಗೂ ಅಂಥ ಆಯುಸ್ಸು ಕೊಟ್ಟಿದ್ದರೆ ಈ ಸುತ್ತಾಟದ ತೊಂದರೆಯೇ ಇರುತ್ತಿರಲಿಲ್ಲ. ಏಕೆ ಕೊಡಲಿಲ್ಲ?” ನನಗೆ ಉತ್ತರ ತಿಳಿದಿರಲಿಲ್ಲ. ಇಬ್ಬರೂ ಕುಳಿತು ಹುಡುಕಿದೆವು. ಒಂದೇ ತಂತಿಯ ಜಾಲಕ್ಕೆಂದು ಹುಟ್ಟಿದ ಫ್ರೇಮಿಗೆ ದಾಟಬೇಕಾದ ಗಡಿಯೇ ಇರಲಿಲ್ಲ. ತಂತಿಗಳನ್ನು ಜೋಡಿಸುವ ಉಪಕರಣಗಳು ಆಮೇಲೆ ಬಂದುವು, ಬಂದಾಗ ಇದ್ದ ಫ್ರೇಮನ್ನು ಬದಲಿಸದೆ ಕೆಲಸ ಮಾಡಬೇಕಾಯಿತು ಎಂದು ತಿಳಿಯಿತು. ರಾತ್ರಿ ಒಂಬತ್ತೂವರೆಯಾಗಿತ್ತು. ಪರೀಕ್ಷೆಗೆ ಇನ್ನೂ ಆರು ವಾರವಿತ್ತು. ನಿದ್ರೆಯ ಮಾತನ್ನು ಆತ ಎತ್ತಲಿಲ್ಲ.