ಮಗುವಿನ ಮಾತು ಕೇಳದ ಭೇಟಿ ಭೇಟಿಯೇ?

ಗಡಿನಾಡಿನ ಕನ್ನಡ ಬಾಂಧವರೇ,

ತಂದೆತಾಯಿಯಿಲ್ಲದ ಮಗುವೊಂದರ ಕ್ಷೇಮವನ್ನು ವಿಚಾರಿಸಲು ಅಧಿಕಾರಿಯೊಬ್ಬರು ನಮ್ಮೂರಿಗೆ ಬಂದುದನ್ನು ಕಣ್ಣಾರೆ ಕಂಡೆನು. ಅವರಿಗೆ ಕನ್ನಡ ಬಾರದು. ಮಗುವಿಗೆ ಅವರ ಭಾಷೆ ತಿಳಿಯದು. ಪ್ರಶ್ನೆಗಳಿಗೆಲ್ಲ ಸಾಕುತ್ತಿದ್ದ ದೊಡ್ಡಪ್ಪನೇ ಉತ್ತರವಿತ್ತನು. ಹತ್ತು ನಿಮಿಷಗಳಲ್ಲಿ ಕಾಗದ ತುಂಬಿತು. ಮಗು ಬಾಯಿ ತೆರೆಯಲಿಲ್ಲ.

ಇದು ನ್ಯಾಯವೇ? ಮಗುವಿನ ಅಭಿಪ್ರಾಯವನ್ನು ಆಲಿಸಬೇಕೆಂಬುದು 2015ರ ಬಾಲನ್ಯಾಯ ಕಾಯಿದೆಯ ಮೂಲತತ್ತ್ವ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದ ಮಗುವಿನ ಸಾಮಾಜಿಕ ತನಿಖೆಯನ್ನು 15 ದಿನಗಳಲ್ಲಿ ಮುಗಿಸಬೇಕೆಂದೂ ಅದು ವಿಧಿಸಿದೆ. ಆತುರದ ನೆಪದಿಂದ ಆಲಿಸುವುದನ್ನೇ ಬಿಡಬೇಕೆಂದು ಹೇಳಿಲ್ಲ. ಭಾರತವು 1992ರಲ್ಲಿ ಅಂಗೀಕರಿಸಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 30ನೆಯ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಗುವಿಗೂ ಸ್ವಭಾಷೆಯ ಹಕ್ಕನ್ನು ನೀಡಿದೆ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಮಗುವಿನೊಡನೆ ಪ್ರತ್ಯೇಕವಾಗಿ, ಕನ್ನಡದಲ್ಲಿಯೇ ಮಾತನಾಡಲಿ. ಸಾಕುವವರ ಕಷ್ಟವನ್ನೂ ಬೇರೆಯಾಗಿ ಕೇಳಲಿ. ಮಲಗುವ ಜಾಗ, ಊಟ, ಶಾಲೆಯ ಹಾಜರಿಗಳನ್ನು ಸ್ವತಃ ನೋಡಲಿ. ದುಭಾಷಿಯು ಮನೆಯವನಾಗದಿರಲಿ. ಕೊಟ್ಟ ಮಾತಿನಂತೆ ಮರಳಿ ಬರಲಿ.

ಕಾಸರಗೋಡು, ತಾಳವಾಡಿ, ಅಕ್ಕಲಕೋಟೆ, ಆದವಾನಿಗಳ ಪ್ರತಿಯೊಂದು ಹಳ್ಳಿಯೂ ಕನ್ನಡ ಬಲ್ಲ ಕಾರ್ಯಕರ್ತರಿಗಾಗಿ ಇಂದೇ ಮನವಿ ಬರೆಯಲಿ. ನಾವು ಕೇಳದಿದ್ದರೆ ಆ ಮಗುವಿನ ಪರವಾಗಿ ಕೇಳುವವರು ಯಾರು?